ಬೆವನ್ನರ ಭಾಷಣಗಳೂ ವೃದ್ಧರ ಯೋಗಕ್ಷೇಮವೂ

೧

ವೃದ್ಧರಿಲ್ಲದ ಸಭೆಯು ಸಭೆಯೆನ್ನಿಸಿಕೊಳ್ಳಲಾರದೆಂಬ ಅಭಿಪ್ರಾಯವು ನಮ್ಮ ಪ್ರಾಚೀನರಲ್ಲಿ ರೂಢವಾಗಿದ್ದಿತು. ಆದರೆ ಸಭೆಯಲ್ಲಿ ವೃದ್ಧರು ಕುಳಿತಿರುವುದು ಒಂದು ವಿಷಯ. ಸಭೆಯ ಹೊರಗೆ ಹರಕುಚಾಪೆಯ ಮೇಲೆ ಮಲಗಿರುವ ವೃದ್ಧನ ಯೋಗಕ್ಷೇಮವನ್ನು ಆ ಸಭೆಯು ವಿಚಾರಮಾಡುವುದು ಮತ್ತೊಂದು ವಿಷಯ. ಮೊದಲನೆಯದಕ್ಕೆ ಇತಿಹಾಸದಲ್ಲಿ ನಿದರ್ಶನಗಳು ಹೇರಳವಾಗಿವೆ, ಎರಡನೆಯದಕ್ಕೆ ವಿರಳ. ಅಂತಹ ವಿರಳವಾದ ನಿದರ್ಶನವೊಂದನ್ನು ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಕಲ್ಲಿದ್ದಲ ಗಣಿಯ ಕೂಲಿಯಾಗಿ ಬಾಳನ್ನು ಆರಂಭಿಸಿ, ಆ ದೇಶದ ಆರೋಗ್ಯಮಂತ್ರಿಯ ಪದವಿಗೇರಿದ ಅನೈರಿನ್ ಬೆವನ್ನರು ೧೯೪೬ರಿಂದ ೧೯೫೧ರವರೆಗಿನ ಕಾಲದಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯಲ್ಲಿ ಮಾಡಿದ ಮೂರು ಭಾಷಣಗಳೇ ಆ ನಿದರ್ಶನ. ಆ ಸಭೆಯ ನಡಾವಳಿಗಳು ಹ್ಯಾನ್ಸರ್ಡ್ ಎಂಬ ಹೆಸರಿನಿಂದ ಪ್ರಕಟವಾಗುತ್ತ ಬಂದಿವೆ. ನನ್ನ ಮೊಮ್ಮಗಳು ಅವನ್ನು ಗಣಕಯಂತ್ರದಲ್ಲಿ ತೆರೆದುಕೊಟ್ಟುದರಿಂದ ಮನೆಯಲ್ಲಿ ಕುಳಿತೇ ಓದುವ ಭಾಗ್ಯ ನನಗೆ ದೊರೆಯಿತು.

ಪರದೇಶದ ಶಾಸಕನೊಬ್ಬನ ಮಾತಿನಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ಒಂದು ಕಾರಣವುಂಟು. ನನಗೆ ಅಮರಕೋಶವನ್ನು ಬಾಯಿಪಾಠಮಾಡಿಸಿದ ಗುರುಗಳೊಬ್ಬರಿದ್ದರು. ಅವರು ಪಾಠ ಹೇಳುತ್ತಿದ್ದ ಪಾಠಶಾಲೆಯಲ್ಲಿ ವಿಶ್ರಾಂತಿವೇತನವೆಂಬುದೇ ಇರಲಿಲ್ಲ. ಎಂಬತ್ತು ದಾಟಿದ ಮೇಲೆ ಅವರಿಗೆ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆಯಿತು. ನಾನು ಅವರನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆನು. ಅಲ್ಲಿಯ ಗುಮಾಸ್ತರು ಕೇಳಿದ ಮೊದಲನೆಯ ಪ್ರಶ್ನೆ ರೋಗವನ್ನು ಕುರಿತದ್ದಲ್ಲ. "ಇವರ ಕಡೆಯವರು ಯಾರು?" ಎಂದು ಕೇಳಿದರು. ನಾನು ಶಿಷ್ಯನೆಂದೆನು. "ಶಿಷ್ಯರೆಂದು ಬರೆಯುವುದಕ್ಕೆ ಇದರಲ್ಲಿ ಜಾಗವಿಲ್ಲ ಸ್ವಾಮಿ. ಮಗನೋ, ಅಳಿಯನೋ, ಹೇಳಿ" ಎಂದರು. ನಾನು ಉತ್ತರ ಹುಡುಕುತ್ತಿರುವಷ್ಟರಲ್ಲಿ ಗುರುಗಳು ಮೆಲ್ಲನೆ, "ಅನಾಥನೆಂದೇ ಬರೆದುಕೊಳ್ಳಪ್ಪಾ" ಎಂದರು. ಒಂದೊಂದು ಅರ್ಥಕ್ಕೆ ಹತ್ತಾರು ಪರ್ಯಾಯಪದಗಳನ್ನು ಹೇಳಿಕೊಟ್ಟ ಆ ಬಾಯಿಗೆ ಅಂದು ತನ್ನನ್ನು ಕುರಿತು ದೊರೆತುದು ಅದೊಂದೇ ಪದ. ಚಿಕಿತ್ಸೆಯೇನೋ ನಡೆಯಿತು, ದೃಷ್ಟಿಯೂ ಬಂದಿತು. ಆದರೆ ಆ ಪದವು ನನ್ನ ಕಿವಿಯನ್ನು ಬಿಟ್ಟು ಹೋಗಲಿಲ್ಲ. ಬೆವನ್ನರ ಭಾಷಣಗಳನ್ನು ಓದುವಾಗ, ಅವರು ಹೋರಾಡುತ್ತಿದ್ದುದು ಇಂತಹ ಪದದೊಡನೆಯೇ ಎಂದು ನನಗೆ ತೋರಿತು.

೨

ಆ ಹೋರಾಟವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ 'ಬಡವರ ಕಾನೂನಿ'ನ ವೃತ್ತಾಂತವನ್ನು ಸ್ವಲ್ಪ ತಿಳಿದಿರಬೇಕು. ಮೊದಲನೆಯ ಎಲಿಜಬೆತ್ ರಾಣಿಯ ಆಳಿಕೆಯ ಕೊನೆಯಲ್ಲಿ, ೧೬೦೧ರಲ್ಲಿ, ದುಡಿಯಲಾರದ ಬಡವರನ್ನು ಆಯಾ ಊರಿನವರೇ ತೆರಿಗೆಯೆತ್ತಿ ಸಾಕಬೇಕೆಂದು ಕಾನೂನಾಯಿತು. ಎರಡು ಶತಮಾನಗಳಿಗೂ ಮಿಕ್ಕು ಇದು ಹೇಗೋ ನಡೆದುಕೊಂಡು ಬಂದಿತು. ತೆರಿಗೆಯ ಭಾರ ಹೆಚ್ಚಿತೆಂಬ ಕೂಗೆದ್ದ ಮೇಲೆ ೧೮೩೪ರಲ್ಲಿ ಹೊಸದೊಂದು ಕಾನೂನು ಬಂದಿತು. ಸಹಾಯ ಬೇಡುವವನ ಸ್ಥಿತಿಯು ಅತ್ಯಂತ ಕೆಳದರ್ಜೆಯ ಕೂಲಿಯ ಸ್ಥಿತಿಗಿಂತಲೂ ಕೀಳಾಗಿಯೇ ಇರತಕ್ಕದ್ದು. ಇಲ್ಲದಿದ್ದರೆ ಜನರು ದುಡಿಮೆಯನ್ನು ಬಿಟ್ಟು ಭಿಕ್ಷೆಗೆ ನಿಲ್ಲುವರು ಎಂಬುದು ಅದರ ಮೂಲಸೂತ್ರ. ಈ ಸೂತ್ರಕ್ಕೆ ಭಾಷ್ಯವಾಗಿ ಎದ್ದ ಕಟ್ಟಡಗಳೇ 'ವರ್ಕ್‌ಹೌಸು'ಗಳು, ಎಂದರೆ ದುಡಿಮೆಯ ಮನೆಗಳು.

ಅವುಗಳೊಳಗೆ ಹೋದವರಿಗೆ ಸಮವಸ್ತ್ರ, ಅಳತೆಯ ಗಂಜಿ, ನಿಯಮಿತ ಕೆಲಸ. ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆ ಅಂಕಣಗಳಲ್ಲಿರಬೇಕು. ಐವತ್ತು ವರ್ಷ ಒಟ್ಟಿಗೆ ಸಂಸಾರಮಾಡಿದ ದಂಪತಿಗಳು ಹೊಸ್ತಿಲನ್ನು ದಾಟಿದೊಡನೆಯೇ ಅಗಲಬೇಕು. ಅರುವತ್ತು ಮೀರಿದ ದಂಪತಿಗಳಿಗೆ ಇದರಿಂದ ವಿನಾಯಿತಿಯನ್ನು ಕೊಡಬೇಕೆಂದು ೧೮೪೭ರಲ್ಲಿ ನಿಯಮವಾದರೂ ಅದು ಎಲ್ಲೆಡೆಯೂ ಆಚರಣೆಗೆ ಬರಲಿಲ್ಲ. ಇದಕ್ಕಿಂತಲೂ ಭಯಂಕರವಾದುದು ಮತ್ತೊಂದಿದ್ದಿತು. ೧೮೩೨ರ ಒಂದು ಶಾಸನದ ಪ್ರಕಾರ, ವಾರಸುದಾರರು ಬಾರದೆ ಹೋದ ಶವಗಳನ್ನು ವೈದ್ಯಶಾಲೆಗಳಿಗೆ ಛೇದನಕ್ಕಾಗಿ ಒಪ್ಪಿಸಬಹುದಾಗಿದ್ದಿತು. ವರ್ಕ್‌ಹೌಸಿನಲ್ಲಿ ಸತ್ತವರಿಗೆ ಈ ಗತಿ ಬರುವುದು ಅಪರೂಪವಾಗಿರಲಿಲ್ಲ. ಇಂತಿರುವಲ್ಲಿ, ಮುಪ್ಪಿನಲ್ಲಿ ಅಲ್ಲಿಗೆ ಹೋಗುವುದಕ್ಕಿಂತ ಹಸಿದು ಸಾಯುವುದೇ ಲೇಸೆಂದು ಮರ್ಯಾದಸ್ಥ ಬಡವರು ಭಾವಿಸಿದುದರಲ್ಲಿ ಆಶ್ಚರ್ಯವೇನು?

೧೯೦೮ರಲ್ಲಿ ಲಾಯ್ಡ್ ಜಾರ್ಜರ ಪ್ರಯತ್ನದಿಂದ ವೃದ್ಧಾಪ್ಯವೇತನದ ಶಾಸನವಾಗಿ, ೧೯೦೯ರ ಜನವರಿ ೧ರಿಂದ ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ೫ ಷಿಲ್ಲಿಂಗುಗಳು ಸಿಕ್ಕತೊಡಗಿದವು. ೧೯೧೧ರಲ್ಲಿ ಕೂಲಿಗಾರರಿಗೆ ಆರೋಗ್ಯವಿಮೆಯೂ ಬಂದಿತು. ೧೯೩೦ರಲ್ಲಿ ವರ್ಕ್‌ಹೌಸುಗಳು ಸ್ಥಳೀಯ ಕೌನ್ಸಿಲುಗಳ ಕೈಗೆ ಬಂದು ಹೊಸ ಹೆಸರನ್ನು ಪಡೆದವು. ಆದರೆ ಹೆಸರು ಬದಲಾದ ಮಾತ್ರಕ್ಕೆ ಗೋಡೆಗಳು ಬದಲಾಗುವವೇ? ೧೯೩೫ರಲ್ಲಿ ಲಂಡನ್ನಿನ ಪಶ್ಚಿಮದಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ತನ್ನ ಪಕ್ಕದ ಅಂತಹ ಒಂದು ಸಂಸ್ಥೆಯನ್ನು ವಹಿಸಿಕೊಂಡಾಗ, ಮಾರ್ಜೊರಿ ವಾರನ್ ಎಂಬ ವೈದ್ಯೆಗೆ ಏಳುನೂರಕ್ಕೂ ಹೆಚ್ಚು ಮಂದಿ ರೋಗಿಗಳ ಹೊಣೆ ಬಂದಿತು. ಅವರಲ್ಲಿ ಅನೇಕರು ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಬಿದ್ದಿದ್ದ ಮುದುಕರು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ರೋಗಕ್ಕೆ ತಕ್ಕಂತೆ ವಿಂಗಡಿಸಿ, ಕೈಹಿಡಿದು ನಡೆಯಿಸಿ, ಹಲವರನ್ನು ಮನೆಗೆ ಕಳುಹಿಸಿಕೊಟ್ಟರು. ಮುಪ್ಪೇ ಒಂದು ರೋಗವಲ್ಲ, ಮುದುಕರ ರೋಗಗಳಿಗೂ ಚಿಕಿತ್ಸೆಯುಂಟು ಎಂಬ ತತ್ತ್ವವು ಆ ದೇಶದಲ್ಲಿ ಬೇರೂರಲು ಆಕೆಯ ಕಾರ್ಯವು ಕಾರಣವಾಯಿತು.

೩

ಬೆವನ್ನರು ೧೮೯೭ರ ನವೆಂಬರ್ ೧೫ರಂದು ವೇಲ್ಸಿನ ಟ್ರೆಡೀಗರ್ ಎಂಬ ಗಣಿಯೂರಿನಲ್ಲಿ ಜನಿಸಿದರು. ತಂದೆ ಗಣಿಯ ಕೂಲಿ. ಮಕ್ಕಳು ಹತ್ತು ಮಂದಿ. ಶಾಲೆಯು ಈ ಬಾಲಕನಿಗೆ ಒಗ್ಗಲಿಲ್ಲ. ಉಪಾಧ್ಯಾಯನಾಗಿದ್ದ ನಾನು ಇದನ್ನು ಬರೆಯುವಾಗ ತಲೆತಗ್ಗಿಸಬೇಕಾಗಿದೆ. ಅವರಿಗೆ ವಿದ್ಯೆಯ ರುಚಿ ಹತ್ತಿದುದು ಶಾಲೆಯಿಂದಲ್ಲ, ಕೂಲಿಗಾರರು ತಮ್ಮ ಸಂಬಳದ ಕಾಸಿನಿಂದ ನಡೆಯಿಸುತ್ತಿದ್ದ ಊರಿನ ಪುಸ್ತಕಶಾಲೆಯಿಂದ. ಹದಿಮೂರನೆಯ ವಯಸ್ಸಿನಲ್ಲಿ ಅವರು ಗಣಿಗಿಳಿದರು.

ಅವರಿಗೆ ಬಾಲ್ಯದಿಂದಲೂ ಮಾತು ತೊದಲುತ್ತಿದ್ದಿತು. ಮುಂದೆ ಪಾರ್ಲಿಮೆಂಟಿನ ಶ್ರೇಷ್ಠ ವಾಗ್ಮಿಗಳ ಸಾಲಿನಲ್ಲಿ ಎಣಿಸಲ್ಪಟ್ಟ ಈ ಪುರುಷರು ಅದನ್ನು ಗೆದ್ದ ಬಗೆ ಸ್ವಾರಸ್ಯವಾಗಿದೆ. ಇಂಗ್ಲಿಷಿನಲ್ಲಿ ರೋಜೆಯ ಪರ್ಯಾಯಪದಕೋಶವೊಂದುಂಟು. ನಮ್ಮ ಅಮರಕೋಶದಂತೆಯೇ ಅದೂ ಅರ್ಥವರ್ಗಗಳಿಗನುಸಾರವಾಗಿ ಪದಗಳನ್ನು ಒಡ್ಡುತ್ತದೆ. ಯಾವ ಪದದಲ್ಲಿ ನಾಲಗೆ ತಡೆಯುವುದೆಂದು ಮೊದಲೇ ತಿಳಿದು, ಅದರ ಬದಲಿಗೆ ಅದೇ ಅರ್ಥದ ಮತ್ತೊಂದನ್ನು ಹಿಡಿಯುವುದಕ್ಕಾಗಿ ಅವರು ಆ ಕೋಶವನ್ನು ಅಭ್ಯಾಸಮಾಡಿದರು. ನಾಲಗೆಯ ದೋಷವು ಹೀಗೆ ಶಬ್ದಸಂಪತ್ತಾಗಿ ಪರಿಣಮಿಸಿತು. ಪದವೊಂದನ್ನು ಬಿಟ್ಟು ಮತ್ತೊಂದನ್ನು ಇಡುವುದರಿಂದ ಎಷ್ಟು ವ್ಯತ್ಯಾಸವಾಗುವುದೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲ ಶಾಸಕರು ಕಡಮೆ.

ಅವರ ಆರೋಗ್ಯಶಾಸನದ ಬೀಜಗಳು ಎರಡು. ಒಂದು ದುಃಖದ್ದು: ೧೯೨೫ರಲ್ಲಿ ಅವರ ತಂದೆಯವರು ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಟ್ಟು ಮರಣಹೊಂದಿದರು. ಆ ರೋಗವು ಆಗಿನ ಪರಿಹಾರದ ಪಟ್ಟಿಯಲ್ಲಿ ಸೇರಿರಲಿಲ್ಲವಾದುದರಿಂದ ಕುಟುಂಬಕ್ಕೆ ಬಿಡಿಕಾಸೂ ದೊರೆಯಲಿಲ್ಲ. ಮತ್ತೊಂದು ಭರವಸೆಯದು: ೧೮೯೦ರಲ್ಲಿ ಟ್ರೆಡೀಗರಿನ ಕೂಲಿಗಾರರು ವೈದ್ಯಸಹಾಯಸಂಘವೊಂದನ್ನು ಕಟ್ಟಿದ್ದರು. ಸಂಬಳದ ಒಂದು ಪೌಂಡಿಗೆ, ಎಂದರೆ ೨೪೦ ಪೆನ್ನಿಗಳಿಗೆ, ಮೂರು ಪೆನ್ನಿಗಳಂತೆ ಸಂಘಕ್ಕೆ ಕೊಟ್ಟರೆ ಮನೆಮಂದಿಗೆಲ್ಲ ವೈದ್ಯ, ಔಷಧ, ಆಸ್ಪತ್ರೆಗಳು ದೊರೆಯುತ್ತಿದ್ದವು. ಅಲ್ಲಿ ಯಾರೂ ಯಾರ ದಯೆಗೂ ಪಾತ್ರರಾಗಿರಲಿಲ್ಲ. ಮುಂದೆ ಮಂತ್ರಿಗಳಾದಾಗ ಬೆವನ್ನರು, ಇಡೀ ದೇಶವನ್ನೇ ಟ್ರೆಡೀಗರನ್ನಾಗಿ ಮಾಡುವುದೇ ತಮ್ಮ ಸಂಕಲ್ಪವೆಂಬರ್ಥದ ಮಾತನ್ನಾಡುತ್ತಿದ್ದರು.

೧೯೨೯ರಲ್ಲಿ ಎಬ್ಬೂ ವೇಲ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದು, ತಮ್ಮ ಮರಣದವರೆಗೂ ಅವರು ಅದೇ ಕ್ಷೇತ್ರದ ಪ್ರತಿನಿಧಿಗಳಾಗಿದ್ದರು. ಮೂವತ್ತರ ದಶಕದ ನಿರುದ್ಯೋಗದ ಕಾಲದಲ್ಲಿ ಸರಕಾರವು ಮನೆಯ ಎಲ್ಲರ ಆದಾಯವನ್ನೂ ಕೂಡಿಸಿ ಲೆಕ್ಕಹಾಕಿ, ಅದಕ್ಕೆ ತಕ್ಕಂತೆ ಸಹಾಯವನ್ನು ಕಡಿಯುವ ಪದ್ಧತಿಯನ್ನು ಜಾರಿಗೆ ತಂದಿತು. ಮಗ ದುಡಿದರೆ ತಂದೆಯ ಸಹಾಯಧನ ಇಳಿಯುವುದು. ತಂದೆ ಮನೆಯಲ್ಲಿದ್ದರೆ ಮಗನಿಗೆ ಹೊರೆಯಾಗುವನು. ಇದರಿಂದ ಮಕ್ಕಳು ಮನೆಬಿಟ್ಟು ಹೋಗುವಂತಾಯಿತು. ತಂದೆಮಕ್ಕಳ ಪ್ರೀತಿಯನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವ ಈ ಪದ್ಧತಿಯನ್ನು ಬೆವನ್ನರು ಸಭೆಯಲ್ಲಿ ಕಟುವಾಗಿ ಖಂಡಿಸುತ್ತ ಬಂದರು. ೧೯೪೧ರಲ್ಲಿ ಅದು ರದ್ದಾಯಿತು.

೪

ಎರಡನೆಯ ಮಹಾಯುದ್ಧವು ಮುಗಿಯುತ್ತಿರುವಾಗ, ೧೯೪೫ರ ಜುಲೈ ತಿಂಗಳಿನಲ್ಲಿ, ಕ್ಲೆಮೆಂಟ್ ಆಟ್ಲಿಯವರ ಲೇಬರ್ ಪಕ್ಷವು ಅಧಿಕಾರಕ್ಕೆ ಬಂದಿತು. ನಲವತ್ತೇಳು ವರ್ಷದ ಬೆವನ್ನರು ಆರೋಗ್ಯಮಂತ್ರಿಗಳಾದರು. ೧೯೪೬ರ ಏಪ್ರಿಲ್ ೩೦ರಂದು ರಾಷ್ಟ್ರೀಯ ಆರೋಗ್ಯಸೇವೆಯ ಮಸೂದೆಯ ಎರಡನೆಯ ವಾಚನವನ್ನು ಅವರು ಸೂಚಿಸಿದರು. ನಾನು ಹೇಳಹೊರಟ ಮೂರು ಭಾಷಣಗಳಲ್ಲಿ ಇದು ಮೊದಲನೆಯದು.

ಈ ಭಾಷಣದಲ್ಲಿ ಆವೇಶಕ್ಕಿಂತ ಕ್ರಮವೇ ಹೆಚ್ಚು. ಪೂರ್ವಪಕ್ಷವನ್ನು ಮೊದಲು ಹೇಳಿ, ಅನಂತರ ಅದನ್ನು ಪರಿಹರಿಸುವ ನಮ್ಮ ಶಾಸ್ತ್ರಕಾರರ ಪದ್ಧತಿಯನ್ನೇ ಇಲ್ಲಿಯೂ ಕಾಣಬಹುದು. ಇದ್ದ ವ್ಯವಸ್ಥೆಯ ಮೊದಲನೆಯ ದೋಷವೆಂದರೆ ಹಣದ ಚಿಂತೆ. ರೋಗಿಯ ಮನಸ್ಸಿನಲ್ಲಿ ರೋಗದ ಜತೆಗೆ ವೈದ್ಯರ ಬಿಲ್ಲಿನ ಭಯವೂ ಸೇರಿದರೆ ಗುಣವಾಗುವುದು ತಡವಾಗುತ್ತದೆ. ಅನೇಕರು ಆ ಭಯದಿಂದಲೇ ವೈದ್ಯರ ಬಳಿಗೆ ಹೋಗುವುದಿಲ್ಲ. ಎರಡನೆಯದಾಗಿ, ೧೯೧೧ರ ವಿಮೆಯು ದುಡಿಯುವವರಲ್ಲಿ ಸುಮಾರು ಎರಡು ಕೋಟಿ ಜನರನ್ನು ಮಾತ್ರ ಒಳಗೊಂಡಿದ್ದಿತು. ಅವರ ಹೆಂಡಿರು ಮಕ್ಕಳು ಅದರ ಹೊರಗೆ. ಮೂರನೆಯದಾಗಿ, ಆಸ್ಪತ್ರೆಗಳ ಹಂಚಿಕೆಯು ಜನರ ಅಗತ್ಯವನ್ನಲ್ಲದೆ ದಾನಿಗಳ ಸಂಪತ್ತನ್ನು ಅನುಸರಿಸಿದ್ದಿತು. ಶ್ರೀಮಂತರಿದ್ದ ಕಡೆ ಒಳ್ಳೆಯ ಆಸ್ಪತ್ರೆ; ರೋಗಿಗಳಿದ್ದ ಕಡೆ ಇಲ್ಲ.

ಕಣ್ಣು, ಹಲ್ಲು, ಕಿವಿಗಳ ಪ್ರಸ್ತಾಪವೂ ಆ ಭಾಷಣದಲ್ಲಿ ಬರುತ್ತದೆ. ಮಹತ್ತಾದ ರಾಷ್ಟ್ರಕಾರ್ಯವನ್ನು ವಿವರಿಸುವ ಮಂತ್ರಿಗಳು ಕನ್ನಡಕ, ಕಟ್ಟಿಸಿದ ಹಲ್ಲು ಎಂಬ ಸಣ್ಣ ವಸ್ತುಗಳಿಗೆ ಇಳಿದುದೇಕೆಂದು ತರುಣರಿಗೆ ತೋರಬಹುದು. ಅರುವತ್ತು ದಾಟಿದವರಿಗೆ ಇದರ ಬೆಲೆ ತಿಳಿಯುತ್ತದೆ. ಅಕ್ಷರ ಕಾಣದವನಿಗೆ, ಅಗಿಯಲಾರದವನಿಗೆ, ಮೊಮ್ಮಕ್ಕಳ ಮಾತು ಕೇಳಿಸದವನಿಗೆ ಮುಪ್ಪೆಂದರೆ ಇವೇ.

ದಾನವನ್ನು ಕುರಿತು ಅವರಾಡಿದ ಮಾತುಗಳು ಭಾಷಣದ ಮರ್ಮಸ್ಥಾನ. ನಾಗರಿಕವೆನ್ನಿಸಿಕೊಂಡ ಸಮಾಜದಲ್ಲಿ ಆಸ್ಪತ್ರೆಗಳು ಖಾಸಗಿ ದಾನವನ್ನು ನೆಚ್ಚಿಕೊಂಡಿರುವುದು ಹೇಯವೆಂದರು. ರೋಗಿಗಳ ಬಳಿಯಲ್ಲಿರಬೇಕಾದ ದಾದಿಯರು ಬೀದಿಬೀದಿಯಲ್ಲಿ ಡಬ್ಬಿ ಹಿಡಿದು ಆಸ್ಪತ್ರೆಗಾಗಿ ಹಣವೆತ್ತುವುದನ್ನು ಕಂಡಾಗಲೆಲ್ಲ ತಮಗೆ ಜುಗುಪ್ಸೆಯಾಗುತ್ತಿತ್ತೆಂದರು. ಸಣ್ಣ ಆಸ್ಪತ್ರೆಗಳ ಆತ್ಮೀಯತೆಯನ್ನು ಹೊಗಳುತ್ತಿದ್ದವರಿಗೆ ಅವರು ಕೊಟ್ಟ ಉತ್ತರ ಇಂದಿಗೂ ಪ್ರಸಿದ್ಧವಾಗಿದೆ. ಸಣ್ಣ ಆಸ್ಪತ್ರೆಯ ಬೆಚ್ಚನೆಯ ಮರುಕದಲ್ಲಿ ಪ್ರಾಣಬಿಡುವುದಕ್ಕಿಂತ, ದೊಡ್ಡ ಆಸ್ಪತ್ರೆಯ ತಣ್ಣನೆಯ, ಆದರೆ ದಕ್ಷವಾದ ಪರೋಪಕಾರದಿಂದ ಬದುಕಿ ಉಳಿಯುವುದೇ ತಮಗೆ ಇಷ್ಟವೆಂಬುದು ಅದರ ಸಾರ.

ಚರ್ಚಿಲ್ಲರ ಪಕ್ಷವು ಮಸೂದೆಯನ್ನು ವಿರೋಧಿಸಿತು. ಎರಡನೆಯ ವಾಚನದಲ್ಲಿ ೩೫೯ ಮತಗಳು ಪರವಾಗಿಯೂ ೧೭೨ ವಿರುದ್ಧವಾಗಿಯೂ, ಮೂರನೆಯ ವಾಚನದಲ್ಲಿ ೨೬೧ ಪರವಾಗಿಯೂ ೧೧೩ ವಿರುದ್ಧವಾಗಿಯೂ ಬಿದ್ದವು. ೧೯೪೬ರ ನವೆಂಬರ್ ೬ರಂದು ರಾಜರ ಅಂಗೀಕಾರವಾಯಿತು.

೫

ಆರೋಗ್ಯಸೇವೆಯ ಕಥೆಯನ್ನು ಬಲ್ಲವರು ಬಹುಮಂದಿ. ೧೯೪೭ರ ನವೆಂಬರ್ ೨೪ರ ಭಾಷಣವನ್ನು ಬಲ್ಲವರು ಕಡಮೆ. ನನಗಾದರೋ ಅದೇ ಹೆಚ್ಚು ಹೃದ್ಯವಾಗಿ ತೋರುತ್ತದೆ. ಅಂದು ಬೆವನ್ನರು 'ರಾಷ್ಟ್ರೀಯ ಸಹಾಯ' ಎಂಬ ಮಸೂದೆಯನ್ನು ಮುಂದಿಟ್ಟರು. ಆಗ ಇದ್ದ ಬಡವರ ಕಾನೂನು ಇನ್ನು ಮೇಲೆ ನಡೆಯತಕ್ಕದ್ದಲ್ಲವೆಂಬುದೇ ಅದರ ಮೊದಲನೆಯ ವಿಧಿ. ಮೂರೂವರೆ ಶತಮಾನಗಳ ಶಾಸನವು ಒಂದು ವಾಕ್ಯದಲ್ಲಿ ಅಸ್ತಂಗತವಾಯಿತು.

ವರ್ಕ್‌ಹೌಸು ಇನ್ನಿರಕೂಡದೆಂದು ಅವರು ಸಾರಿದರು. ಅದರ ಸ್ಥಾನದಲ್ಲಿ, ನೋಡಿಕೊಳ್ಳುವವರಿಲ್ಲದ ವೃದ್ಧರಿಗಾಗಿ ಸ್ಥಳೀಯ ಕೌನ್ಸಿಲುಗಳು ಸಣ್ಣ ಸಣ್ಣ ನಿವಾಸಗಳನ್ನು ಏರ್ಪಡಿಸಬೇಕು. ಒಂದೊಂದರಲ್ಲಿ ಇಪ್ಪತ್ತೈದರಿಂದ ಮೂವತ್ತು ಮಂದಿಗಿಂತ ಹೆಚ್ಚು ಇರಬಾರದು. ಸಂಖ್ಯೆ ಮೀರಿದರೆ ಮನೆಯು ಮನೆಯಾಗಿ ಉಳಿಯದೆ ಮತ್ತೆ ಸಂಸ್ಥೆಯಾಗುವುದೆಂಬುದು ಅವರ ಅಭಿಪ್ರಾಯವಾಗಿದ್ದಿತು. ಅನಂತರ ಅವರು ಆ ಭಾಷಣದ ಸಾರಭೂತವಾದ ವಿಚಾರವನ್ನು ಹೇಳಿದರು. ಇದುವರೆಗೆ ಇಂತಹ ಮನೆಗಳಲ್ಲಿ ಅಧಿಕಾರಿಯೂ ಆಶ್ರಿತನೂ ಎಂಬ ಸಂಬಂಧವಿದ್ದಿತು. ಇನ್ನು ಮುಂದೆ ಇರತಕ್ಕದ್ದು ಹೋಟೆಲಿನ ವ್ಯವಸ್ಥಾಪಕನಿಗೂ ಅಲ್ಲಿಗೆ ಬಂದಿಳಿದ ಅತಿಥಿಗೂ ಇರುವ ಸಂಬಂಧ. ಉಳ್ಳವರು ಮುಪ್ಪಿನಲ್ಲಿ ವಸತಿಯ ಹೋಟೆಲುಗಳಿಗೆ ಹೋಗಿ ಹೇಗೆ ಇರುತ್ತಾರೆಯೋ ಹಾಗೆಯೇ ಇಲ್ಲದವರೂ ಬಾಡಿಗೆ ಕೊಟ್ಟು ಇರುವಂತಾಗಬೇಕು.

ಬಾಡಿಗೆಯ ಲೆಕ್ಕವನ್ನೂ ಅವರು ಒಪ್ಪಿಸಿದರು. ವೃದ್ಧಾಪ್ಯವೇತನವು ೧೯೪೬ರಲ್ಲಿ ವಾರಕ್ಕೆ ೨೬ ಷಿಲ್ಲಿಂಗುಗಳಿಗೆ ಏರಿದ್ದಿತು. ಅದರಲ್ಲಿ ೨೧ ಷಿಲ್ಲಿಂಗುಗಳು ವಸತಿ ಊಟಗಳಿಗೆ. ಉಳಿದ ೫ ಷಿಲ್ಲಿಂಗುಗಳು ಕೈಖರ್ಚಿಗೆ. ಮೇಲುನೋಟಕ್ಕೆ ಇದು ಜಿಪುಣತನದಂತೆ ಕಾಣಬಹುದು: ಮುದುಕರಿಗೆ ಅನ್ನವಿಟ್ಟು ಹಣ ಕೇಳುವುದೇ? ಆದರೆ ವಿಚಾರಿಸಿ ನೋಡಿದರೆ ಔದಾರ್ಯವಿರುವುದು ಅಲ್ಲಿಯೇ. ಹಣ ಕೊಟ್ಟು ಉಣ್ಣುವವನು ಸಾರು ಸಪ್ಪೆಯಾಗಿದೆಯೆಂದು ಹೇಳಬಲ್ಲನು. ದಾನದ ಊಟವನ್ನು ಉಣ್ಣುವವನು ಹೇಳಲಾರನು. ಕೈಖರ್ಚಿನ ಐದು ಷಿಲ್ಲಿಂಗುಗಳಲ್ಲಿ ಅವನು ಹೊಗೆಸೊಪ್ಪನ್ನು ಕೊಳ್ಳಬಹುದು. ನೋಡಲು ಬಂದ ಮೊಮ್ಮಗುವಿನ ಕೈಗೆ ಮಿಠಾಯಿಯನ್ನೂ ಕೊಡಬಹುದು. ಕೊಡುವ ಕೈಯಾಗಿ ಉಳಿದಿರುವವರೆಗೆ ಮನುಷ್ಯನು ಗೃಹಸ್ಥನೇ.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆನು. ನಮ್ಮ ಸಂಪ್ರದಾಯದಲ್ಲಿ ಅತಿಥಿಯೆಂದರೆ ತಿಥಿಯನ್ನು ಗೊತ್ತುಮಾಡದೆ ಬಂದವನು. ಅವನಿಂದ ಹಣ ಪಡೆಯುವುದು ಅಧರ್ಮ. ಬೆವನ್ನರ ಅತಿಥಿಯು ಹಣ ಕೊಟ್ಟು ಗೌರವವನ್ನು ಪಡೆಯುವವನು. ಎರಡು ಆದರ್ಶಗಳೂ ಭಿನ್ನವಾಗಿವೆ. ಆದರೆ ಅತಿಥಿಯು ಭಿಕ್ಷುಕನಲ್ಲವೆಂಬಲ್ಲಿ ಎರಡೂ ಕೂಡುತ್ತವೆ. ನಮ್ಮ ಆತಿಥ್ಯವು ಮನೆಯ ಹೊಸ್ತಿಲಿನಲ್ಲಿ ಗೃಹಸ್ಥನು ತೋರುವ ಧರ್ಮ. ಲಕ್ಷಾಂತರ ಮಂದಿ ವೃದ್ಧರಿರುವ ರಾಷ್ಟ್ರದಲ್ಲಿ ಎಲ್ಲರಿಗೂ ಅಂತಹ ಗೃಹಸ್ಥನು ಸಿಕ್ಕುವನೆಂಬ ನೆಚ್ಚಿಕೆಯಿಲ್ಲ. ಆದುದರಿಂದ ಒಬ್ಬರ ಸದ್ಗುಣವನ್ನು ಅವಲಂಬಿಸದ ಗೌರವವನ್ನು ಶಾಸನದಿಂದ ಕಟ್ಟಲು ಅವರು ಯತ್ನಿಸಿದರು.

೬

ಎರಡು ಶಾಸನಗಳೂ ೧೯೪೮ರ ಜುಲೈ ೫ರಂದು ಒಟ್ಟಿಗೆ ಜಾರಿಗೆ ಬಂದವು. ಅದಕ್ಕೆ ಮುಂಚೆ ವೈದ್ಯರ ಪ್ರತಿಭಟನೆಯೆಂಬ ದೊಡ್ಡ ಅಡಚಣೆಯನ್ನು ದಾಟಬೇಕಾಯಿತು. ೧೯೪೮ರ ಫೆಬ್ರವರಿಯಲ್ಲಿ ವೈದ್ಯರ ಸಂಘವು ನಡೆಯಿಸಿದ ಮತಗಣನೆಯಲ್ಲಿ ೪೦,೮೧೪ ಮಂದಿ ಶಾಸನವನ್ನು ತಿರಸ್ಕರಿಸಿದರು; ಒಪ್ಪಿದವರು ೪,೭೩೫ ಮಂದಿ. ತಾವು ಸರಕಾರದ ಸಂಬಳದ ಆಳುಗಳಾಗುವೆವೆಂಬುದೇ ಅವರ ಮುಖ್ಯ ಶಂಕೆ. ಅಂತಹ ಸಂಬಳದ ಪದ್ಧತಿಯನ್ನು ಹೊಸ ಶಾಸನವಿಲ್ಲದೆ ತರುವುದಿಲ್ಲವೆಂದು ಬೆವನ್ನರು ಮಾತುಕೊಟ್ಟು, ತಜ್ಞವೈದ್ಯರಿಗೆ ಖಾಸಗಿ ವೃತ್ತಿಯನ್ನೂ ನಡೆಯಿಸಲು ಅನುಮತಿಯಿತ್ತು, ವಿರೋಧವನ್ನು ಸಡಿಲಗೊಳಿಸಿದರು. ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸೇವೆಯು ಆರಂಭವಾಗುವ ಹಿಂದಿನ ದಿನವೇ ಮ್ಯಾಂಚೆಸ್ಟರಿನಲ್ಲಿ ಮಾತನಾಡುತ್ತ ಪ್ರತಿಪಕ್ಷದವರನ್ನು ಕ್ಷುದ್ರಜಂತುಗಳಿಗಿಂತಲೂ ಕೀಳೆಂದು ಜರೆದು, ತಮ್ಮ ಪಕ್ಷಕ್ಕೂ ತಮಗೂ ಬಹಳ ಹಾನಿಯನ್ನು ತಂದುಕೊಂಡರು. ಪದಗಳ ಬೆಲೆಯನ್ನು ಅಷ್ಟು ಚೆನ್ನಾಗಿ ಬಲ್ಲವರೇ ಅಂದು ಅದನ್ನು ಮರೆತರು.

ಸೇವೆ ಆರಂಭವಾದೊಡನೆ ಮುಚ್ಚಿಟ್ಟಿದ್ದ ದುಃಖವೆಲ್ಲ ಹೊರಬಿದ್ದಿತು. ಮೊದಲನೆಯ ವರ್ಷದಲ್ಲಿಯೇ ಸುಮಾರು ೫೦ ಲಕ್ಷ ಜೋಡಿ ಕನ್ನಡಕಗಳನ್ನು ಕೊಡಬೇಕಾಯಿತು. ವೆಚ್ಚವು ಅಂದಾಜನ್ನು ಮೀರಿತು. ೧೯೫೧ರ ಏಪ್ರಿಲ್ ತಿಂಗಳಿನಲ್ಲಿ, ಕೊರಿಯಾ ಯುದ್ಧದ ನಿಮಿತ್ತ ಶಸ್ತ್ರಾಸ್ತ್ರಗಳ ವೆಚ್ಚವನ್ನು ಹೆಚ್ಚಿಸಬೇಕಾದಾಗ, ಅರ್ಥಮಂತ್ರಿ ಹ್ಯೂ ಗೇಟ್ಸ್‌ಕೆಲ್ಲರು ಕಟ್ಟಿಸಿದ ಹಲ್ಲಿಗೂ ಕನ್ನಡಕಕ್ಕೂ ರೋಗಿಗಳಿಂದ ಬೆಲೆಯ ಒಂದು ಭಾಗವನ್ನು ವಸೂಲುಮಾಡುವುದೆಂದು ಸಾರಿದರು. ಆ ಹೊತ್ತಿಗೆ ಬೆವನ್ನರು ಕಾರ್ಮಿಕ ಖಾತೆಗೆ ಹೋಗಿದ್ದರು. ಆದರೂ ಅವರು ಮಂತ್ರಿಪದವಿಯನ್ನು ತ್ಯಜಿಸಿ, ಏಪ್ರಿಲ್ ೨೩ರಂದು ಸಭೆಯಲ್ಲಿ ತಮ್ಮ ಹೇಳಿಕೆಯನ್ನಿತ್ತರು. ಇದು ಮೂರನೆಯ ಭಾಷಣ.

ವಸೂಲಿಯಿಂದ ಆ ವರ್ಷ ಉಳಿಯುತ್ತಿದ್ದುದು ೧ ಕೋಟಿ ೩೦ ಲಕ್ಷ ಪೌಂಡುಗಳು. ಮೂರು ವರ್ಷಗಳ ಶಸ್ತ್ರಾಸ್ತ್ರ ಯೋಜನೆಯೋ ೪೭೦ ಕೋಟಿ ಪೌ಼ಂಡುಗಳದು. ಅಷ್ಟು ಹಣವನ್ನು ವೆಚ್ಚಮಾಡಲು ಬೇಕಾದ ಸಾಮಗ್ರಿಯೂ ಯಂತ್ರಗಳೂ ದೊರೆಯಲಾರವೆಂದು ಬೆವನ್ನರು ವಾದಿಸಿದರು. ಉಚಿತಸೇವೆಯ ತತ್ತ್ವಕ್ಕೆ ಒಂದು ಬಿರುಕು ಬಿಟ್ಟರೆ ಮುಂದೆ ಅದು ಅಗಲವಾಗುತ್ತ ಹೋಗುವುದೆಂದು ಎಚ್ಚರಿಸಿದರು. ಭಾಷಣದಲ್ಲಿ ಕೋಪವೂ ಅಹಂಕಾರವೂ ಬೆರೆತಿದ್ದುದರಿಂದ ಸಭೆಯು ಅದನ್ನು ಆದರಿಸಲಿಲ್ಲ; ಸ್ವಪಕ್ಷದವರೇ ಮುಖ ಸಿಂಡರಿಸಿದರು. ಆದರೂ ಮುಂದೆ ಅಧಿಕಾರಕ್ಕೆ ಬಂದ ಚರ್ಚಿಲ್ಲರ ಸರಕಾರವು ಆ ಶಸ್ತ್ರ ಯೋಜನೆಯನ್ನು ಗೊತ್ತುಮಾಡಿದ ಕಾಲದಲ್ಲಿ ಪೂರೈಸಲಾಗದೆಂದು ಹಿಂಜರಿಯಿತು. ೧೯೫೨ರಲ್ಲಿ ಔಷಧಕ್ಕೂ ಒಂದು ಷಿಲ್ಲಿಂಗಿನ ಶುಲ್ಕ ಬಂದಿತು. ವಕ್ತೃವು ಸೋತನು, ಅವನ ಮಾತು ನಿಜವಾಯಿತು. ೧೯೬೦ರ ಜುಲೈ ೬ರಂದು, ಆರೋಗ್ಯಸೇವೆಗೆ ಹನ್ನೆರಡು ವರ್ಷ ತುಂಬಿದ ಮರುದಿನ, ಬೆವನ್ನರು ನಿಧನಹೊಂದಿದರು.

೭

ಇನ್ನು ಫಲವನ್ನು ನಿರ್ಣಯಿಸಬೇಕಾಗಿದೆ. ಮೊದಲನೆಯ ಭಾಷಣದ ಫಲವು ಇಂದಿಗೂ ನಿಂತಿದೆ. ಎರಡನೆಯದರ ಫಲವು ಅರ್ಧಕ್ಕೇ ನಿಂತಿತು. ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ವೃದ್ಧರ ೧೭೩ ನಿವಾಸಗಳನ್ನು ಕಣ್ಣಾರೆ ನೋಡಿ ೧೯೬೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕಾನೂನು ಹೋಗಿ ಹತ್ತು ವರ್ಷಗಳಾದ ಮೇಲೆಯೂ ಸಾವಿರಾರು ವೃದ್ಧರು ಹಳೆಯ ವರ್ಕ್‌ಹೌಸಿನ ಕಟ್ಟಡಗಳಲ್ಲಿಯೇ ಸಾಲುಮಂಚಗಳ ಮೇಲೆ ದಿನ ಕಳೆಯುತ್ತಿದ್ದುದನ್ನು ಅವರು ತೋರಿಸಿದರು. ಹೊಸ ಮನೆಗಳನ್ನು ಕಟ್ಟಲು ಹಣವಿರಲಿಲ್ಲ. ಇದ್ದ ಇಟ್ಟಿಗೆ ಗಾರೆಗಳು ಯುದ್ಧದಲ್ಲಿ ಮನೆ ಕಳೆದುಕೊಂಡ ಸಂಸಾರಗಳಿಗೆ ಹೋದವು. ಮತ್ತೊಂದು ದೋಷವು ಶಾಸನದಲ್ಲಿಯೇ ಇದ್ದಿತು. ಆಸ್ಪತ್ರೆಯ ಮಂಚದ ಮೇಲಿರುವ ವೃದ್ಧನಿಗೆ ಎಲ್ಲವೂ ಉಚಿತ. ಅದೇ ವೃದ್ಧನು ನಿವಾಸಕ್ಕೆ ಬಂದರೆ ಅವನ ಆಸ್ತಿಪಾಸ್ತಿಯ ವಿಚಾರಣೆ. ರೋಗಕ್ಕೂ ಅಶಕ್ತತೆಗೂ ನಡುವೆ ೧೯೪೮ರಲ್ಲಿ ಎಳೆದ ಈ ಗೆರೆಯು ಇಂಗ್ಲೆಂಡಿನ ರಾಜಕಾರಣವನ್ನು ಇಂದಿಗೂ ಕಾಡುತ್ತಿದೆ. ವೃದ್ಧರ ವೈದ್ಯಶಾಖೆಯು ಅಲ್ಲಿಯ ಪ್ರತಿಷ್ಠಿತ ವೈದ್ಯರನ್ನು ಬಹುಕಾಲ ಆಕರ್ಷಿಸಲಿಲ್ಲ. ಆ ವಾರ್ಡುಗಳನ್ನು ದಶಕಗಟ್ಟಲೆ ನಿರ್ವಹಿಸಿದವರಲ್ಲಿ ನಮ್ಮ ಭರತಖಂಡದಿಂದ ಹೋದ ವೈದ್ಯರು ಅನೇಕರೆಂಬುದು ನಾವು ನೆನೆಯಬೇಕಾದ ಸಂಗತಿ.

ಬೆವನ್ನರು ಮಾತನಾಡುತ್ತಿದ್ದ ವರ್ಷಗಳಲ್ಲಿಯೇ ನಮ್ಮಲ್ಲಿಯೂ ಇದೇ ವಿಚಾರಗಳು ನಡೆಯುತ್ತಿದ್ದವು. ೧೯೪೩ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರರ ಸಮಿತಿಯು, ಹಣ ಕೊಡಲಾರನೆಂಬ ಕಾರಣದಿಂದ ಯಾರಿಗೂ ವೈದ್ಯಸಹಾಯವು ತಪ್ಪಬಾರದೆಂದು ೧೯೪೬ರ ವರದಿಯಲ್ಲಿ ಹೇಳಿತು. ನಮ್ಮ ಸಂವಿಧಾನದ ೪೧ನೆಯ ವಿಧಿಯು ವೃದ್ಧಾಪ್ಯದಲ್ಲಿಯೂ ರೋಗದಲ್ಲಿಯೂ ಸಾರ್ವಜನಿಕ ಸಹಾಯದ ಹಕ್ಕನ್ನು, ೪೭ನೆಯ ವಿಧಿಯು ಜನರ ಆರೋಗ್ಯವನ್ನು ರಾಜ್ಯದ ಕರ್ತವ್ಯಗಳಲ್ಲಿ ಎಣಿಸಿದವು. ಆದರೆ ಅವು ನಿರ್ದೇಶಕ ತತ್ತ್ವಗಳು; ನ್ಯಾಯಾಲಯದಲ್ಲಿ ಕೇಳಿ ಪಡೆಯತಕ್ಕವಲ್ಲ. ೧೯೯೫ರಲ್ಲಿ ಕೇಂದ್ರ ಸರಕಾರದ ವೃದ್ಧಾಪ್ಯವೇತನವು ಆರಂಭವಾದಾಗ ಅದು ನಿರ್ಗತಿಕರಾದ ವೃದ್ಧರಿಗೆ ಎಂದು ಗೊತ್ತಾಯಿತು. ಮೊತ್ತ ತಿಂಗಳಿಗೆ ೭೫ ರೂಪಾಯಿ. ೨೦೦೭ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ಮಕ್ಕಳು ಪೋಷಿಸದಿದ್ದರೆ ತಂದೆತಾಯಿಗಳು ನ್ಯಾಯಮಂಡಲಿಗೆ ದೂರು ಕೊಡಬಹುದು. ರಾಜ್ಯ ಸರಕಾರಗಳು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ ೧೫೦ ಮಂದಿ ನಿರ್ಗತಿಕರಿಗೆ ಸ್ಥಳವಾಗುವಂತೆ, ಸ್ಥಾಪಿಸಬಹುದು. ಅಲ್ಲಿ ಮೂವತ್ತಕ್ಕಿಂತ ಹೆಚ್ಚಿರಬಾರದೆಂದರು; ಇಲ್ಲಿ ನೂರೈವತ್ತಕ್ಕಿಂತ ಕಡಮೆಯಿರಬಾರದೆಂದೆವು. ಬಡತನದ ನಿರ್ಬಂಧವು ನಮಗೆ ಹೆಚ್ಚೆಂಬುದನ್ನು ಒಪ್ಪುತ್ತೇನೆ. ಆದರೂ ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಬೇಕಾಗಿದೆ. ೨೦೨೪ರ ಅಕ್ಟೋಬರ್ ೨೯ರಂದು ಎಪ್ಪತ್ತು ತುಂಬಿದವರೆಲ್ಲರಿಗೂ, ಆದಾಯವನ್ನು ಕೇಳದೆ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ಚಿಕಿತ್ಸೆಯನ್ನು ಕೇಂದ್ರ ಸರಕಾರವು ವಿಸ್ತರಿಸಿತು. ಆದಾಯವನ್ನು ಕೇಳದೆ ಎಂಬ ಆ ಮಾತಿನಲ್ಲಿ ಟ್ರೆಡೀಗರಿನ ಕೂಲಿಗಾರರ ಸಂಕಲ್ಪದ ಒಂದು ಅಂಶವಿದೆ. ಅದು ಕಾಗದದಿಂದ ಮಂಚದವರೆಗೆ ಎಷ್ಟರಮಟ್ಟಿಗೆ ತಲಪುವುದೆಂಬುದು ಆಯಾ ಜಿಲ್ಲೆಯವರು ಕಣ್ಣಿಟ್ಟು ನೋಡಬೇಕಾದ ವಿಷಯ.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಗೌರವವಿದೆ, ಶಾಸನವೇಕೆ ಎಂದು ಕೆಲವರು ಕೇಳಬಹುದು. ಗೌರವವಿರುವ ಮನೆಗೆ ಶಾಸನವು ಅಡ್ಡಬರುವುದಿಲ್ಲ. ಮನೆಯಿಲ್ಲದವನ, ಮಕ್ಕಳಿಲ್ಲದವನ, ಮಕ್ಕಳು ದೂರದೇಶಕ್ಕೆ ಹೋದವನ ಪಾಡೇನು? ನನ್ನ ಗುರುಗಳನ್ನು ನಾವು ಕೆಲವು ಮಂದಿ ಶಿಷ್ಯರು ಕೊನೆಯವರೆಗೂ ನೋಡಿಕೊಂಡೆವು. ಅದು ನಮಗೆ ಧರ್ಮವಾಗಿದ್ದಿತು, ಸಂತೋಷವೂ ಆಗಿದ್ದಿತು. ಆದರೆ ತಿಂಗಳ ಮೊದಲಲ್ಲಿ ನಾನು ಹಣವನ್ನು ಅವರ ಮುಂದಿಡುವಾಗ ಅವರು ನನ್ನ ಮುಖವನ್ನು ನೋಡುತ್ತಿರಲಿಲ್ಲ. ಪಂಚಾಂಗವನ್ನು ತೆರೆದುಕೊಂಡು ಅದರಲ್ಲೇನೋ ಹುಡುಕುವವರಂತೆ ಕುಳಿತಿರುತ್ತಿದ್ದರು. ನಲವತ್ತು ವರ್ಷ ಊರಿನ ಮಕ್ಕಳಿಗೆ ವಿದ್ಯೆಯನ್ನಿತ್ತವರಿಗೆ ಆ ಹಣವು ಊರು ಸಲ್ಲಿಸಬೇಕಾದ ಸಾಲವಾಗಿದ್ದಿತು. ನಾವು ಅದನ್ನು ದಕ್ಷಿಣೆಯೆಂದು ಕರೆದೆವು. ಅವರ ಮನಸ್ಸು ಅದನ್ನು ಏನೆಂದು ಕರೆಯಿತೋ ನಾನರಿಯೆನು. ಅದು ಅಂಚೆಯಾಳಿನ ಕೈಯಲ್ಲಿ, ಅವರ ಹೆಸರಿನಲ್ಲಿ, ಯಾರ ಮುಖವನ್ನೂ ನೋಡಬೇಕಾಗಿಲ್ಲದಂತೆ ಬಂದಿದ್ದರೆ ಅವರು ತಲೆಯೆತ್ತಿ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದರು. ಆಸ್ಪತ್ರೆಯ ಆ ಪುಸ್ತಕದಲ್ಲಿ 'ಅನಾಥ' ಎಂಬ ಪದದ ಬದಲಿಗೆ 'ನಾಗರಿಕ' ಎಂಬ ಪದಕ್ಕೆ ಒಂದು ಅಂಕಣವಿದ್ದಿದ್ದರೆ ನಾನು ಉತ್ತರ ಹುಡುಕಬೇಕಾಗಿರಲಿಲ್ಲ. ತೊದಲುನಾಲಗೆಯ ಆ ಗಣಿಯ ಹುಡುಗನು ಸಭೆಯಲ್ಲಿ ನಿಂತು ಮಾಡಿದ ಕೆಲಸವೂ ಅಂತಹ ಒಂದು ಪದದ ಬದಲಾವಣೆಯೇ. ಅಲಮತಿವಿಸ್ತರೇಣ.